ಫ್ರೀಜರ್ ನಿಂತುಹೋಗಿದೆ, ಒಳಗಿರೋದನ್ನ ಉಳಿಸೋದು ಹೇಗೆ?

ಪ್ರಶ್ನೆ:
ಮೇಲ್ಗಡೆ ಮುಚ್ಚಳ ಇರೋ 200 ಲೀಟರ್ ಫ್ರೀಜರ್. ಪವರ್ ಲೈಟ್ ಉರೀತಿದೆ, ಕೂಲಿಂಗ್ ಇಲ್ಲ. ಮುಕ್ಕಾಲು ತುಂಬಿದೆ: ಮಾಂಸ, ಮೀನು, ಬಟಾಣಿ, ಐಸ್‌ಕ್ರೀಮ್. ಮೆಕ್ಯಾನಿಕ್ ಬರೋದು ನಾಡಿದ್ದು. ಈಗಲೇ ಎಲ್ಲಾ ಹೊರಗೆ ತೆಗೀಬೇಕಾ?

ಉತ್ತರ 1:
ತೆಗೀಬೇಡಿ, ಮುಚ್ಚಳವನ್ನೇ ಎತ್ತಬೇಡಿ. ಪೂರ್ತಿ ತುಂಬಿದ್ದು ಮುಚ್ಚೇ ಇದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತೆ. ನಿಮ್ಮದು ಇವೆರಡರ ನಡುವೆ, ಅಂದ್ರೆ ನಾಡಿದ್ದಿನವರೆಗೆ ಅನುಮಾನವೇ. ಪ್ಲಗ್ ಕಿತ್ತು ಮೇಲೂ ಸುತ್ತಲೂ ದಪ್ಪ ಕಂಬಳಿ ಹೊದಿಸಿ. ರಿಪೇರಿ ಆದ ಕೂಡಲೇ ಕಂಬಳಿ ತೆಗೀಲೇಬೇಕು. ಇಂಥ ಎಷ್ಟೋ ಫ್ರೀಜರ್‌ಗಳಲ್ಲಿ ಬಿಸಿ ಹೊರಗೆ ಹೋಗೋದು ಪಕ್ಕದ ತಗಡಿನಿಂದಲೇ.

ಉತ್ತರ 2:
ಡ್ರೈ ಐಸ್ (ಗಟ್ಟಿ ಮಾಡಿದ ಇಂಗಾಲದ ಡೈಆಕ್ಸೈಡ್) ಸಿಕ್ಕಿದ್ರೆ ಚಿಂತೆಯಿಲ್ಲ. ತುಂಬಿದ 500 ಲೀಟರ್‌ಗೆ 23 ಕೆ.ಜಿ. ಎರಡು ದಿನ ಬರುತ್ತೆ, ನಿಮಗೆ 10 ಕೆ.ಜಿ. ಸಾಕು. ಪೊಟ್ಟಣಗಳ ಮೇಲೆ ರಟ್ಟು ಹಾಸಿ ಅದರ ಮೇಲಿಡಿ, ತಂಪು ಕೆಳಗಿಳಿಯುತ್ತೆ. ಅದು ಮೈನಸ್ 78 ಡಿಗ್ರಿ, ಬರಿಗೈಲಿ ಮುಟ್ಟಿದ್ರೆ ಚರ್ಮ ಸುಟ್ಟಂತಾಗುತ್ತೆ. ದಪ್ಪ ಗ್ಲೌಸ್ ಬೇಕು. ಕರಗಿ ನೀರಾಗಲ್ಲ, ಇಂಗಾಲದ ಡೈಆಕ್ಸೈಡ್ ಅನಿಲ ಆಗುತ್ತೆ. ಹಾಗಾಗಿ ಉಸಿರು ಕಟ್ಟದ ಹಾಗೆ ಕಿಟಕಿ ತೆಗೆದಿರಲಿ, ಕಾರಲ್ಲಿ ತರುವಾಗಲೂ. ಗಾಳಿಯಾಡದ ಡಬ್ಬಿಗೆ ಹಾಕಿದ್ರೆ ಸಿಡಿಯುತ್ತೆ.

ಮಾಮೂಲಿ ಐಸ್ ಈಗಲೇ ತುಂಬಬೇಡಿ. ಮೈನಸ್ 18ರಲ್ಲಿರೋ ಮಾಂಸಕ್ಕೆ 0 ಡಿಗ್ರಿ ಐಸ್ ಅಂದ್ರೆ ಬಿಸಿನೇ. ಕರಗೋಕೆ ಶುರುವಾದ ಮೇಲೆ ಅದರ ಉಪಯೋಗ.

ಪ್ರಶ್ನೆ ಕೇಳಿದವರು:
ಕೊನೆಗೆ ತೆಗೆದಾಗ ಯಾವುದು ಇಟ್ಕೋಬಹುದು, ಯಾವುದು ಎಸೀಬೇಕು? ಇನ್ನೊಂದು, ಪ್ಲಗ್ ಕೀಳೋ ಮುಂಚೆ ಕಂಪ್ರೆಸರ್ ಆಗಾಗ ಟಿಕ್ ಅಂತಿತ್ತು, ಮುಟ್ಟಿದ್ರೆ ಸುಡ್ತಿತ್ತು.

ಉತ್ತರ 3:
ಥರ್ಮಾಮೀಟರನ್ನ ಎರಡು ಪೊಟ್ಟಣದ ನಡುವೆ ಒತ್ತಿಡಿ. 4 ಡಿಗ್ರಿ ಅಥವಾ ಕಡಿಮೆ ಇದ್ರೆ, ಇಲ್ಲಾ ಒಳಗೆ ಐಸ್ ಹರಳು ಕೈಗೆ ಸಿಕ್ಕಿದ್ರೆ, ಮತ್ತೆ ಫ್ರೀಜ್ ಮಾಡಬಹುದು. ಮಾಂಸ ಸ್ವಲ್ಪ ನೀರು ಬಿಟ್ಟು ಒಣಕಲಾಗುತ್ತೆ ಅಷ್ಟೇ. ಮಾಂಸ, ಮೀನು 4 ಡಿಗ್ರಿ ದಾಟಿ ಎರಡು ಗಂಟೆಗಿಂತ ಹೆಚ್ಚಾಗಿದ್ರೆ ಎಸೀರಿ. ಕರಗಿದ ಐಸ್‌ಕ್ರೀಮೂ ಅಷ್ಟೇ. ಮೂಸಿ ನೋಡಿ ತೀರ್ಮಾನ ಮಾಡಬೇಡಿ, ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾಗೆ ವಾಸನೆ ಇರಲೇಬೇಕಂತಿಲ್ಲ. ಹೆಪ್ಪುಗಟ್ಟಿದ ನೀರಿನ ಲೋಟದ ಮೇಲೆ ನಾಣ್ಯ ಇಡೋ ಉಪಾಯವನ್ನ ಎಲ್ಲರೂ ಹೇಳ್ತಾರೆ. ನಾಣ್ಯ ಮುಳುಗಿದ್ರೆ ಕರಗಿತ್ತು ಅಂತ ಗೊತ್ತಾಗುತ್ತೆ, ಎಷ್ಟು ಹೊತ್ತು ಅನ್ನೋದು ಗೊತ್ತಾಗಲ್ಲ.

ಆ ಟಿಕ್ ಸದ್ದು ಓವರ್‌ಲೋಡ್ (ಕಂಪ್ರೆಸರ್ ತುಂಬ ಬಿಸಿಯಾದ್ರೆ ಕರೆಂಟ್ ಕಡಿಯೋ ಸ್ವಿಚ್) ಕಟ್ ಆಗೋದು. ಕಂಪ್ರೆಸರ್ ಸ್ಟಾರ್ಟ್ ಆಗದೆ ಬಿಸಿಯಾಗ್ತಿದೆ. ಹೆಚ್ಚಾಗಿ ಸ್ಟಾರ್ಟಿಂಗ್ ರಿಲೇ (ಕಂಪ್ರೆಸರ್ ಮೋಟಾರನ್ನ ಶುರು ಮಾಡಿಸೋ ಭಾಗ) ಹೋಗಿರುತ್ತೆ. ಅದನ್ನ ಬಿಚ್ಚಿ ಅಲ್ಲಾಡಿಸಿದಾಗ ಒಳಗೆ ಚೂರು ಗಲಗಲ ಅಂದ್ರೆ ಸುಟ್ಟಿದೆ ಅಂತಲೇ. ಮೆಕ್ಯಾನಿಕ್‌ಗೆ ಇವತ್ತೇ ಮಾಡೆಲ್ ನಂಬರ್ ಹೇಳಿ, ರಿಲೇ ಮತ್ತು ಓವರ್‌ಲೋಡ್ ಎರಡನ್ನೂ ತರೋಕೆ ಹೇಳಿ. ಅಲ್ಲಿವರೆಗೆ ಪದೇ ಪದೇ ಪ್ಲಗ್ ಹಾಕಿ ನೋಡಬೇಡಿ, ವೈಂಡಿಂಗ್ (ಮೋಟಾರಿನ ತಂತಿ ಸುರುಳಿ) ಸುಟ್ಟೀತು.