14 ಎಕ್ಸ್ ಎಲ್ಲಿ ಹೋಯ್ತು ಪುಟ್ಟಿ?

ಪುಟ್ಟಿ, ನೀನು ಗ್ರೂಪಿಗೆ ಹಾಕಿದ ಫೋಟೋ ನೋಡಿದೆ. ಇದನ್ನೆಲ್ಲ ಟೈಪ್ ಮಾಡೋದು ಕಷ್ಟ, ಮಾತಾಡಿಯೇ ಕಳಿಸುತ್ತೇನೆ. ನೋಟ್‌ಬುಕ್ ಎದುರಿಗಿಟ್ಟುಕೊಂಡು ಕೇಳು. ಲೆಕ್ಕ ಇಷ್ಟು ಅಲ್ವಾ: ಲಂಬಕೋನ ತ್ರಿಭುಜ, ವಿಕರ್ಣ 17 ಸೆಂಟಿಮೀಟರ್. ಉಳಿದ ಎರಡು ಬಾಹುಗಳಲ್ಲಿ ಒಂದು ಇನ್ನೊಂದಕ್ಕಿಂತ 7 ಸೆಂಟಿಮೀಟರ್ ಉದ್ದ. ನಿನಗೆ ಚಿಕ್ಕ ಬಾಹು ರೂಟ್ 120 ಬಂದಿದೆ. ಪುಸ್ತಕದ ಉತ್ತರವೇ ತಪ್ಪು ಅಂತ ಬೇರೆ ಬರೆದಿದ್ದೀಯ!

ಪುಸ್ತಕ ಸರಿಯಾಗೇ ಇದೆ ಕಣಮ್ಮಾ. ರೂಟ್ 120 ಅಂದರೆ ಹೆಚ್ಚುಕಡಿಮೆ 11. ಅದಕ್ಕೆ 7 ಸೇರಿಸಿದರೆ 18 ಆಯ್ತು. ವಿಕರ್ಣವೇ 17 ಇರುವಾಗ ಇನ್ನೊಂದು ಬಾಹು 18 ಹೇಗಿರುತ್ತೆ? ಲಂಬಕೋನದ ಎದುರಿನ ಬಾಹುವೇ ಎಲ್ಲಕ್ಕಿಂತ ಉದ್ದ ಇರಬೇಕು. ಅಲ್ಲೇ ಅನುಮಾನ ಬರಬೇಕಿತ್ತು.

ಚಿಕ್ಕ ಬಾಹು ಎಕ್ಸ್ ಅಂದರೆ ದೊಡ್ಡದು ಎಕ್ಸ್ ಪ್ಲಸ್ 7. ಆ ಎಕ್ಸ್ ಪ್ಲಸ್ 7ರ ವರ್ಗಕ್ಕೆ ನೀನು ಎಕ್ಸ್ ವರ್ಗ ಪ್ಲಸ್ 49 ಅಂತ ಬರೆದುಬಿಟ್ಟಿದ್ದೀಯ. ಸೂತ್ರ ಬಾಯಿಪಾಠ ಮಾಡೋ ಬದಲು ಒಂದು ಚೌಕ ಬರಿ. ಮೇಲಿನ ಅಂಚಲ್ಲೂ ಪಕ್ಕದ ಅಂಚಲ್ಲೂ ಎಕ್ಸ್ ಒಂದು ತುಂಡು, 7 ಒಂದು ತುಂಡು ಅಂತ ಗುರುತು ಹಾಕಿ ಗೆರೆ ಎಳಿ. ನಾಲ್ಕು ಭಾಗ ಆಗುತ್ತೆ. ದೊಡ್ಡ ಚೌಕ ಎಕ್ಸ್ ವರ್ಗ, ಸಣ್ಣ ಚೌಕ 49. ಉಳಿದ ಎರಡು ಆಯತ? ಒಂದೊಂದೂ 7 ಎಕ್ಸ್. ನೀನು ಬಿಟ್ಟಿದ್ದು ಆ 14 ಎಕ್ಸ್.

ಎರಡು ಬಾಹುಗಳ ವರ್ಗ ಸೇರಿಸಿದರೆ ವಿಕರ್ಣದ ವರ್ಗ, ಅಂದರೆ 17ರ ವರ್ಗ 289 ಬರಬೇಕು ಅಲ್ವಾ. ಈಗ ಸೇರಿಸಿ ಬರಿ. 2 ಎಕ್ಸ್ ವರ್ಗ, ಪ್ಲಸ್ 14 ಎಕ್ಸ್, ಪ್ಲಸ್ 49, ಈಕ್ವಲ್ ಟು 289. 289 ಈಚೆಗೆ ತಂದು ಎಲ್ಲವನ್ನೂ ಎರಡರಿಂದ ಭಾಗಿಸು. ಎಕ್ಸ್ ವರ್ಗ ಪ್ಲಸ್ 7 ಎಕ್ಸ್ ಮೈನಸ್ 120, ಈಕ್ವಲ್ ಟು ಸೊನ್ನೆ. ಗುಣಿಸಿದರೆ 120, ಕಳೆದರೆ 7 ಬರೋ ಎರಡು ಸಂಖ್ಯೆ ಹುಡುಕು. 15, 8. ಹಾಗಾಗಿ ಎಕ್ಸ್ 8, ಇಲ್ಲವೇ ಮೈನಸ್ 15. ಉದ್ದ ಮೈನಸ್ ಇರಲ್ಲ, ಆದ್ದರಿಂದ ಬಾಹುಗಳು 8 ಮತ್ತು 15. ಆದರೆ ಆ ಮೈನಸ್ 15 ಸುಮ್ನೆ ಬಂದಿದ್ದಲ್ಲ. ಅದಕ್ಕೆ 7 ಸೇರಿಸಿ ನೋಡು, ಮೈನಸ್ 8. ವರ್ಗ ಮಾಡಿದರೆ ಮೈನಸ್ ಹೋಗುತ್ತಲ್ಲ, ಅದೇ 15, ಅದೇ 8! ನನಗಂತೂ ಈ ಲೆಕ್ಕದಲ್ಲಿ ಇಷ್ಟವಾಗಿದ್ದು ಇದೇ.

ಅಂದಹಾಗೆ, ಈ 15-8ರ ಜೋಡಿ ಬೌಧಾಯನ ಶುಲ್ಬಸೂತ್ರ ಅನ್ನೋ ಪ್ರಾಚೀನ ಗ್ರಂಥ ಕೊಡೋ ಬಾಹುಗಳ ಪಟ್ಟಿಯಲ್ಲೇ ಇದೆ. ಯಜ್ಞವೇದಿ ಅಳೆಯೋ ಹಗ್ಗದ ಲೆಕ್ಕ ಅದು. ಅದೇ ಪಟ್ಟಿಯ ಇನ್ನೊಂದು ಜೋಡಿಯಿಂದ ನಿನಗೊಂದು ಲೆಕ್ಕ: ವಿಕರ್ಣ 25, ಬಾಹುಗಳ ವ್ಯತ್ಯಾಸ 17. ಚೌಕ ಬರೆದೇ ಮಾಡು, ರಾತ್ರಿ ಊಟದೊಳಗೆ ಫೋಟೋ ಹಾಕು. ಅತ್ತಿಗೆ, ನೀವು ಉತ್ತರ ಹೇಳಿಕೊಡಬೇಡಿ ಮತ್ತೆ.