ಎರಡು ಕಂಪ್ಯೂಟರಿಗೂ ಒಂದೇ ಪ್ರೊಸೆಸರ್ ಐಡಿ ಬರುತ್ತಿದೆ, ಯಾಕೆ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಅಂಗಡಿಗಳಿಗೆ ಸಿ ಶಾರ್ಪ್‌ನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಒಂದು ಲೈಸೆನ್ಸ್ ಒಂದೇ ಕಂಪ್ಯೂಟರಿನಲ್ಲಿ ಓಡಲಿ ಅಂತ ಕಂಪ್ಯೂಟರಿನ ವಿವರ ಕೊಡುವ ವಿಂಡೋಸಿನ ಡಬ್ಲ್ಯುಎಂಐನಿಂದ ಪ್ರೊಸೆಸರ್ ಐಡಿ ಓದಿ, ಅದರ ಮೇಲೆ ಕೀ ಮಾಡಿದ್ದೆ. ದಾವಣಗೆರೆಯ ಗಿರಾಕಿಯೊಬ್ಬರು ಒಟ್ಟಿಗೆ ಖರೀದಿಸಿದ ಎರಡು ಕಂಪ್ಯೂಟರಿನಲ್ಲೂ ಒಂದೇ ಐಡಿ ಬರುತ್ತಿದೆ: ಬಿಎಫ್‌ಇಬಿಎಫ್‌ಬಿಎಫ್‌ಎಫ್‌000906ಇಎ. ಒಂದೇ ಕೀ ಎರಡರಲ್ಲೂ ಓಡುತ್ತಿದೆ! ಡಬ್ಲ್ಯುಎಂಐ ತಪ್ಪು ಕೊಡ್ತಿದೆಯಾ? ಪ್ರೊಸೆಸರಿನಿಂದಲೇ ಅದರ ವಿವರ ಕೇಳುವ ಸಿಪಿಯುಐಡಿ ಇನ್‌ಸ್ಟ್ರಕ್ಷನ್ ನೇರವಾಗಿ ಕರೆದರೆ ಸರಿಹೋಗುತ್ತಾ? ಅದಕ್ಕೆ ಅಸೆಂಬ್ಲಿ ಬರೆಯಬೇಕಾ?

ಉತ್ತರ: ಡಬ್ಲ್ಯುಎಂಐ ಸರಿಯಾಗೇ ಹೇಳುತ್ತಿದೆ ಸರ್. ಅದು ಕೊಡುವುದು ಸಿಪಿಯುಐಡಿಯ ಲೀಫ್ 1ರ (ಲೀಫ್ ಅಂದರೆ ಕೇಳುವ ಪ್ರಶ್ನೆಯ ಸಂಖ್ಯೆ) ಉತ್ತರವನ್ನೇ. ನೀವು ನೇರವಾಗಿ ಕರೆದರೂ ಅದೇ ಬರುತ್ತದೆ.

ನಿಮ್ಮ ಸಂಖ್ಯೆಯನ್ನೇ ಬಿಡಿಸಿ ನೋಡೋಣ. ಉತ್ತರ ಬರುವುದು ಪ್ರೊಸೆಸರಿನೊಳಗಿನ ರಿಜಿಸ್ಟರ್ ಅನ್ನುವ ಪುಟ್ಟ ಖಾನೆಗಳಲ್ಲಿ. ಮೊದಲ 8 ಅಕ್ಷರ ಇಡಿಎಕ್ಸ್ ರಿಜಿಸ್ಟರಿನದು. ಎಂಎಂಎಕ್ಸ್, ಎಸ್‌ಎಸ್‌ಇ2 ಥರದ ಯಾವ್ಯಾವ ಸೌಲಭ್ಯ ಇವೆ ಅನ್ನುವ ಬಿಟ್‌ಗಳು ಅಷ್ಟೇ. ಕೊನೆಯ 8 ಇಎಎಕ್ಸ್‌ನದು: 000906ಇಎ. ಇದು ಹೆಕ್ಸ್, ಅಂದರೆ 16ರ ಲೆಕ್ಕದ ಸಂಖ್ಯೆ. ಬಲದಿಂದ ಓದಿ. ‘ಎ’ ಅಂದರೆ ಸ್ಟೆಪಿಂಗ್ (ಚಿಪ್ಪಿನ ಪರಿಷ್ಕರಣೆ) 10. ‘6’ ಫ್ಯಾಮಿಲಿ. ‘9’ ಮತ್ತು ‘ಇ’ ಸೇರಿಸಿದರೆ ಮಾಡೆಲ್ 9ಇ, ಅಂದರೆ 158. ಇದು ಇಂಟೆಲ್‌ನ 8ನೇ ತಲೆಮಾರಿನ ಚಿಪ್. ಐ5-8400, ಐ7-8700 ಎರಡರಲ್ಲೂ ಇದೇ ಕಾಣುತ್ತದೆ. ಬೈಕಿನ ಮೇಲೆ ಬರೆದ ಮಾಡೆಲ್ ಹೆಸರು ನೋಡಿ ಚಾಸಿಸ್ ನಂಬರ್ ಅಂದುಕೊಂಡ ಹಾಗಾಯ್ತು.

ಪ್ರತಿ ಚಿಪ್ಪಿಗೂ ಬೇರೆ ನಂಬರ್ ಕೊಡುವ ಪ್ರಯತ್ನ ಒಮ್ಮೆ ಆಗಿತ್ತು. 1999ರ ಪೆಂಟಿಯಂ 3ರಲ್ಲಿ 96 ಬಿಟ್ಟಿನ ಸೀರಿಯಲ್ ನಂಬರ್ ಇತ್ತು, ಅದರ 64 ಬಿಟ್ ಲೀಫ್ 3ರಲ್ಲಿ, ಉಳಿದ 32 ಲೀಫ್ 1ರಲ್ಲಿ ಓದಬಹುದಿತ್ತು. ಬಳಕೆದಾರರ ಜಾಡು ಹಿಡಿಯುತ್ತಾರೆ ಅಂತ ದೊಡ್ಡ ಗಲಾಟೆಯಾಗಿ, ಪೆಂಟಿಯಂ 4ರಲ್ಲಿ ತೆಗೆದೇಬಿಟ್ಟರು. ನನ್ನ ಪ್ರಕಾರ ತೆಗೆದದ್ದೇ ಸರಿ.

ಅಸೆಂಬ್ಲಿ ಬೇಡ. ಡಾಟ್‌ನೆಟ್ 5ರಿಂದ ಎಕ್ಸ್86ಬೇಸ್ ಕ್ಲಾಸಿನಲ್ಲಿ ಸಿಪಿಯುಐಡಿ ಮೆಥಡ್ ಇದೆ. ಸಿ ಭಾಷೆಯಲ್ಲಾದರೆ ಕಂಪೈಲರಿನ ಹೆಡರ್ ಫೈಲಿನಲ್ಲೇ ಸಿಗುತ್ತದೆ. ಲೀಫ್ 0 ಕೇಳಿದರೆ ತಯಾರಕರ ಹೆಸರಿನ 12 ಅಕ್ಷರ ಬರುತ್ತವೆ. ಇಲ್ಲೊಂದು ಕಿತಾಪತಿ ಇದೆ. ಓದಬೇಕಾದ ಕ್ರಮ ಇಬಿಎಕ್ಸ್, ಇಡಿಎಕ್ಸ್, ಆಮೇಲೆ ಇಸಿಎಕ್ಸ್. ಬಿ, ಸಿ, ಡಿ ಅಂತ ಸಾಲಾಗಿ ಜೋಡಿಸಿದರೆ ಇಂಟೆಲ್ ಹೆಸರು ಹಿಂದುಮುಂದಾಗುತ್ತದೆ. ಪೂರ್ತಿ ಮಾಡೆಲ್ ಹೆಸರು ಬೇಕಿದ್ದರೆ ಹೆಕ್ಸ್ 80000002ರಿಂದ 80000004ರವರೆಗೆ ಮೂರು ಲೀಫ್ ಕೇಳಿ, ತಲಾ 16 ಬೈಟ್ ಸಿಗುತ್ತದೆ. ಕರೆಯುವ ಮೊದಲು ‘ಈಸ್ ಸಪೋರ್ಟೆಡ್’ ನೋಡಿಕೊಳ್ಳಿ, ಎಆರ್‌ಎಂ ಲ್ಯಾಪ್‌ಟಾಪಿನಲ್ಲಿ ಈ ಇನ್‌ಸ್ಟ್ರಕ್ಷನ್ನೇ ಇಲ್ಲ.

ಇನ್ನೊಬ್ಬರು: ಪೈಥಾನ್‌ನಲ್ಲಿ? ಲಿನಕ್ಸಿನಲ್ಲಿ ಪ್ಲಾಟ್‌ಫಾರ್ಮ್ ಮಾಡ್ಯೂಲಿನ ಪ್ರೊಸೆಸರ್ ಫಂಕ್ಷನ್ ಖಾಲಿ ಕೊಡುತ್ತೆ.

ಉತ್ತರ: ಕೆಲವು ಕಡೆ ಖಾಲಿ, ಕೆಲವು ಕಡೆ ಬರೀ ಆರ್ಕಿಟೆಕ್ಚರ್ ಹೆಸರು. ಅದನ್ನು ನಂಬಬೇಡಿ. ಪ್ರೋಕ್ ಫೋಲ್ಡರಿನ ಸಿಪಿಯುಇನ್ಫೋ ಫೈಲ್ ತೆರೆದು ‘ಮಾಡೆಲ್ ನೇಮ್’ ಸಾಲು ಓದಿ. ರಾಸ್ಪ್‌ಬೆರಿ ಪೈನಲ್ಲಿ ಅದೇ ಫೈಲಿನಲ್ಲಿ ಬೋರ್ಡಿನ ಸೀರಿಯಲ್ ನಂಬರೂ ಇರುತ್ತದೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಹಾಗಾದ್ರೆ ಲೈಸೆನ್ಸಿಗೆ ಏನು ಹಿಡೀಲಿ? ಮದರ್‌ಬೋರ್ಡ್ ಸೀರಿಯಲ್ ನೋಡಿದೆ, ಎರಡರಲ್ಲೂ ‘ಡೀಫಾಲ್ಟ್ ಸ್ಟ್ರಿಂಗ್’ ಅಂತ ಬಂತು.

ಉತ್ತರ: ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಅಲ್ವಾ? ಬೆಂಗಳೂರಿನ ಎಸ್‌ಪಿ ರೋಡಿನಿಂದ ಬಿಡಿಭಾಗ ತಂದು ಜೋಡಿಸಿದವುಗಳಲ್ಲಿ ಇದು ಮಾಮೂಲಿ, ಆ ಜಾಗವನ್ನು ಯಾರೂ ತುಂಬಿರುವುದಿಲ್ಲ. ಬಯೋಸ್‌ನ ಯುಯುಐಡಿ (ಮದರ್‌ಬೋರ್ಡಿನ ಗುರುತಿನ ಸಂಖ್ಯೆ), ವಿಂಡೋಸಿನ ಮಷೀನ್ ಜಿಯುಐಡಿ (ವಿಂಡೋಸ್ ಹಾಕುವಾಗ ಅದು ಮಾಡಿಕೊಳ್ಳುವ ಗುರುತಿನ ಸಂಖ್ಯೆ), ಡಿಸ್ಕಿನ ಸೀರಿಯಲ್ ಈ ಮೂರನ್ನೂ ತೆಗೆದುಕೊಳ್ಳಿ. ಮೂರರಲ್ಲಿ ಎರಡು ಹೊಂದಿದರೆ ಒಪ್ಪಿಕೊಳ್ಳಿ. ಬರೀ ಮಷೀನ್ ಜಿಯುಐಡಿ ಸಾಲದು: ಡಿಸ್ಕ್ ಕ್ಲೋನ್ ಮಾಡಿದರೆ ಅದೂ ಜೊತೆಗೇ ಹೋಗುತ್ತದೆ, ವಿಂಡೋಸ್ ಹೊಸದಾಗಿ ಹಾಕಿದರೆ ಬದಲಾಗುತ್ತದೆ. ಯುಯುಐಡಿ ಪೂರ್ತಿ ಸೊನ್ನೆ ಅಥವಾ ಪೂರ್ತಿ ‘ಎಫ್’ ಬಂದರೆ ಲೆಕ್ಕಕ್ಕೆ ಹಿಡಿಯಬೇಡಿ. ಲೈಸೆನ್ಸ್ ಫೈಲಿಗೆ ನಿಮ್ಮ ಬಳಿಯಷ್ಟೇ ಇರುವ ಪ್ರೈವೇಟ್ ಕೀಯಿಂದ ಸಹಿ ಹಾಕಿ, ಸಾಫ್ಟ್‌ವೇರಿನೊಳಗೆ ಆ ಸಹಿಯನ್ನು ಪರೀಕ್ಷಿಸುವ ಪಬ್ಲಿಕ್ ಕೀ ಮಾತ್ರ ಇಡಿ. ಮತ್ತೆ, ಗಿರಾಕಿಯ ಮದರ್‌ಬೋರ್ಡ್, ಡಿಸ್ಕ್ ಎರಡೂ ಸುಟ್ಟರೆ ಸುಮ್ನೆ ಸತಾಯಿಸದೆ ಫೋನಿನಲ್ಲೇ ಹೊಸ ಕೀ ಕೊಡಿ.