ಅಪ್‌ಡೇಟ್: ನಮ್ಮ ಶೇರ್ ಆಟೊ ಪ್ರಾಜೆಕ್ಟ್

ಬಳ್ಳಾರಿಯ ರಾಯಲ್ ವೃತ್ತದಿಂದ ಕೌಲ್ ಬಜಾರ್ ಕಡೆಗೆ ಹೋಗುವ ಶೇರ್ ಆಟೊದಲ್ಲಿ ಜಾಗವಿದೆಯೇ ಎಂಬುದನ್ನು ಮೊಬೈಲ್‌ನಲ್ಲಿ ತೋರಿಸುವುದು ಹೇಗೆ ಎಂದು ಕೇಳಿದ್ದೆ. ಸೀಟಿನಡಿ ತೂಕದ ಸೆನ್ಸರ್ ಇಡಿ ಎಂದವರೇ ಹೆಚ್ಚು. ಇಟ್ಟು ನೋಡಿದೆವು. ಅಕ್ಕಿ ಚೀಲವೂ ಪ್ರಯಾಣಿಕನಾಯಿತು. ಮೂವರ ಸೀಟಿನಲ್ಲಿ ಐವರು ಒತ್ತಿಕೊಂಡು ಕುಳಿತಾಗ ಯಾರ ತೂಕ ಯಾರದೆಂದೇ ತಿಳಿಯಲಿಲ್ಲ. ಈಗ ಚಾಲಕರ ಕೈಗೆ ಒಂದೇ ಗುಂಡಿ: ಜಾಗವಿದ್ದರೆ ಹಸಿರು, ತುಂಬಿದರೆ ಕೆಂಪು. ಆಟೊ ಎಲ್ಲಿದೆ ಎಂಬುದನ್ನು ಜಿಪಿಎಸ್ ಹೇಳುತ್ತದೆ.

ಜಿಟಿಎಫ್‌ಎಸ್ (ಬಸ್ಸು, ರೈಲುಗಳ ಮಾರ್ಗ ಮತ್ತು ವೇಳೆಯನ್ನು ಆ್ಯಪ್‌ಗಳು ಓದುವಂತೆ ಬರೆದಿಡುವ ಮಾದರಿ) ಬಳಸಿ ಎಂದವರಿಗೆ: 2005ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಶುರುವಾದ ಆ ಮಾದರಿಗೆ ನಿಲ್ದಾಣ, ವೇಳಾಪಟ್ಟಿ ಬೇಕು. ನಿಗಮದ ಬಸ್ಸುಗಳಿಗೆ ಅದು ಸರಿ. ಶೇರ್ ಆಟೊ ಹೊರಡುವುದು ತುಂಬಿದಾಗ ಮಾತ್ರ!

“ಗುಂಡಿ ಒತ್ತಿದರೆ ನನಗೇನು ಲಾಭ?” ಎಂದು ಚಾಲಕರೊಬ್ಬರು ಕೇಳಿದ್ದಾರೆ. ಉತ್ತರ ಹೊಳೆದವರು ತಿಳಿಸಿ.